ಟೋ ಪಾಸ್

ವಾನವಡಿ, ಪುಣೆ
೧೨ ಆಗಸ್ಟ್ ೨೦೨೪

ಶ್ರೀಮತಿ ಸಾಬವ್ವ ಮಲಕಪ್ಪ ಹೊಸಮನಿ ಅವರಿಗೆ,

ನಮಸ್ಕಾರ. ನಾನು ಮಹದೇವಪ್ಪ, ಮಂಡ್ಯದ ಕಡೆಯವನು. ನೌಕಾಪಡೆಯಿಂದ ನಿವೃತ್ತನಾದ ಮೇಲೆ ಪುಣೆಯಲ್ಲೇ ನೆಲೆಸಿದ್ದೇನೆ. ನಿಮ್ಮ ಯಜಮಾನರೂ ನಾನೂ ‘ಧುರೀಣ’ ಹಡಗಿನಲ್ಲಿ ಒಟ್ಟಿಗೆ ಇದ್ದವರು. ಅವರನ್ನು ಸಮುದ್ರ ತೆಗೆದುಕೊಂಡ ದಿನವೂ ನಾನು ಅಲ್ಲಿದ್ದೆ.

ಇಷ್ಟು ವರ್ಷದ ಮೇಲೆ ಬರೆಯಲು ಕಾರಣವಿದೆ. ಸೇವೆಯಿಂದ ಇಳಿಸಿದ ಮೇಲೆ ಧುರೀಣ ಮುಂಬೈಯ ಒಂದು ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಈಗ ಗುಜರಿಗೆ ಹೋಗಲಿದೆ. ಒಡೆಯುವ ಮುನ್ನ ಅದರ ಸೇವಾ ಚರಿತ್ರೆಯನ್ನು ಪುಸ್ತಕವಾಗಿ ತರಬೇಕೆಂದು ಹಳೆಯ ಸಿಬ್ಬಂದಿಯ ನಮ್ಮ ಬಳಗ ತೀರ್ಮಾನಿಸಿದೆ. ಬರೆಯುವ ಕೆಲಸ ನನಗೆ ಬಿದ್ದಿದೆ. ಪುಸ್ತಕ ಇಂಗ್ಲಿಷಿನದು, ಕನ್ನಡದ ಮನೆಗಳಿಗೆ ಬೇಕಾದ ಭಾಗಗಳನ್ನು ನಾನೇ ಕನ್ನಡ ಮಾಡಿ ಕಳಿಸುತ್ತಿದ್ದೇನೆ. ನಿಮಗೆ ಸಂಬಂಧಿಸಿದ್ದು ಹೀಗಿದೆ:

“ಧುರೀಣ ಯುದ್ಧ ಮಾಡುವ ಹಡಗಲ್ಲ. ಅದು ಟಗ್. ನಡುಸಮುದ್ರದಲ್ಲಿ ಕೆಟ್ಟು ನಿಂತ ಹಡಗುಗಳನ್ನು ಹಗ್ಗ ಕಟ್ಟಿ ಎಳೆದು ತರುವುದು ಅದರ ಕೆಲಸ. ಧುರೀಣ ಎಂದರೆ ನೊಗ ಹೊತ್ತದ್ದು. ೧೯೮೫ರಲ್ಲಿ ಹೂಗ್ಲಿ ದಂಡೆಯಿಂದ ಸೇವೆಗೆ ಬಂದ ಈ ಹಡಗು ತೋಪಿನ ತಾಲೀಮಿಗೆ ಗುರಿದೋಣಿಗಳನ್ನು ಎಳೆಯಿತು. ಉಸಿರು ನಿಂತ ಜಲಾಂತರ್ಗಾಮಿಯೊಂದನ್ನು ಕನ್ಯಾಕುಮಾರಿ ಸುತ್ತಿಸಿ ಮುಂಬೈಗೆ ತಂದಿತು. ದ್ವೀಪಗಳಿಗೆ ಕುಡಿಯುವ ನೀರು ಸಾಗಿಸಿತು. ೧೯೯೬ರ ಜೂನಿನಲ್ಲಿ ಕಾಠಿಯಾವಾಡದ ಆಚೆ ಎಂಜಿನ್ ಸತ್ತು ಬಂಡೆಗಳ ಕಡೆ ತೇಲುತ್ತಿದ್ದ ಸರಕು ಹಡಗಿಗೆ ಬಿರುಗಾಳಿಯಲ್ಲೇ ಟೋ ಕೊಟ್ಟು, ಅದರಲ್ಲಿದ್ದ ಎಲ್ಲರನ್ನೂ ಉಳಿಸಿತು. ಡೆಕ್ಕಿನ ಆರು ಮಂದಿಗೆ ಪ್ರಶಂಸಾಪತ್ರ ಬಂತು. ಈ ಕಾರ್ಯಾಚರಣೆಯಲ್ಲಿ ಒಬ್ಬ ಟೋಪಸ್ ಸಮುದ್ರಪಾಲಾದ.”

ಜನವರಿ ಕೊನೆಗೆ ಪುಸ್ತಕ ಅಚ್ಚಾಗುತ್ತದೆ. ಪುಣೆಯಲ್ಲೇ ಸಮಾರಂಭ. ನಿಮ್ಮಲ್ಲಿ ಮಲಕಪ್ಪನವರ ಸಮವಸ್ತ್ರದ ಫೋಟೋ ಇದ್ದರೆ ಕಳಿಸಬೇಕು. ಫೋನ್ ಮಾಡಬೇಡಿ. ಹಗ್ಗ ಸುತ್ತುವ ವಿಂಚ್ ಯಂತ್ರದ ಪಕ್ಕದಲ್ಲೇ ನನ್ನ ಕೆಲಸವಿತ್ತು, ಕಿವಿ ಎರಡೂ ಅಲ್ಲೇ ಉಳಿದವು. ಕಾಗದವೇ ಸರಿ.

ತಮ್ಮ ವಿಶ್ವಾಸಿ,
ಮಹದೇವಪ್ಪ

*

ತಳೇಗಾಂವ ದಾಭಾಡೆ
೨೧ ಆಗಸ್ಟ್ ೨೦೨೪

ಮಹದೇವಪ್ಪನವರಿಗೆ,

ನಿಮ್ಮ ಕಾಗದ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಅಕ್ಷರ ಬಾರದು. ನಾನು ನೀತಾ, ಮಲಕಪ್ಪನ ಒಬ್ಬಳೇ ಮಗಳು. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳಿಗೆ ತಂತಿ ಜೋಡಿಸುವ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಗುತ್ತಿಗೆ ಹೆಂಗಸರ ಯೂನಿಯನ್ನಿನ ಓಡಾಟವೂ ನನ್ನದೇ. ಹಾಗಾಗಿ ನನಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ, ತಪ್ಪು ತಿಳಿಯಬೇಡಿ.

ಫೋಟೋ ಈ ಲಕೋಟೆಯಲ್ಲೇ ಇದೆ. ಕೆಲಸ ಮುಗಿದ ಮೇಲೆ ವಾಪಸ್ ಕಳಿಸಿ. ಇರುವುದು ಅದೊಂದೇ.

ನಿಮ್ಮ ಬರಹದಲ್ಲಿ ಅಕ್ಷರದ ತಪ್ಪು ಒಂದಿದೆ. ‘ಟೋಪಸ್’ ಎಂದು ಕೂಡಿಸಿ ಬರೆದಿದ್ದೀರಿ. ಅದು ‘ಟೋ ಪಾಸ್’ ಆಗಬೇಕು. ಎರಡು ಪದ. ಟೋ ಎಂದರೆ ಹಡಗು ಜಗ್ಗುವ ಹಗ್ಗ. ಅದನ್ನು ಈ ಹಡಗಿನಿಂದ ಆ ಹಡಗಿಗೆ ಪಾಸ್ ಮಾಡುವವನು ಟೋ ಪಾಸ್. ಅಪ್ಪನ ಪಿಂಚಣಿ ಪುಸ್ತಕದಲ್ಲೂ ಟಿ, ಓ, ಪಿ ಎಂದು ಮೂರಕ್ಷರ ಇದೆ, ಅದು ಇದರದೇ ಗಿಡ್ಡ ರೂಪ.

ಅಪ್ಪ ಹೋದಾಗ ನಾನು ಸಣ್ಣವಳು. ಆದರೆ ಇದು ಮಾತ್ರ ಅಳಿಸಿಲ್ಲ. ರಜೆಗೆ ಬಂದಾಗ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಆಟ ಹೂಡುತ್ತಿದ್ದ. ನಾನು ಕಾಟಿನ ಮೇಲೆ ನಿಂತ ಕೆಟ್ಟ ಹಡಗು. ಅವನು ನೆಲದ ಮೇಲಿನ ಧುರೀಣ. “ಹಿಡಿ ನೀತಾ. ಸಣ್ಣ ಹಗ್ಗ ಮೊದಲ ಬರತದ, ಅದರ ಬೆನ್ನಿಗೆ ದಪ್ಪಂದು, ಅದರ ಬೆನ್ನಿಗೆ ಉಕ್ಕಿಂದು. ಸಣ್ಣದು ಕೈಬಿಟ್ಟಿ ಅಂದ್ರ ದೊಡ್ಡದು ಬರೂದಿಲ್ಲ ನೋಡು.” ನಾನು ಹಿಡಿದ ಕೂಡಲೇ “ಟೋ ಪಾಸ್!” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಪಕ್ಕದ ಮನೆಯ ಮರಾಠಿ ಮುದುಕಿ “ಕಾಯ ಝಾಲಂ?” ಎಂದು, ಏನಾಯಿತೋ ಎಂಬ ಗಾಬರಿಯಲ್ಲಿ ಹೊರಗೆ ಬರುತ್ತಿದ್ದಳು.

ಶಾಲೆಯಲ್ಲಿ ತಂದೆಯ ಉದ್ಯೋಗ ಕೇಳಿದಾಗಲೆಲ್ಲ ನಾನು ಹೇಳಿದ್ದು ಇದನ್ನೇ. ಅವ್ವ ಅಪಾರ್ಟ್‌ಮೆಂಟ್ ಸೊಸೈಟಿಗಳ ಮೆಟ್ಟಿಲು ಗುಡಿಸಿ ನನ್ನನ್ನು ಬೆಳೆಸಿದಳು. ಯಾರಾದರೂ ಹಗುರಾಗಿ ಮಾತಾಡಿದರೆ, “ನಾ ಕಸಬರಿಗಿ ಹಿಡದಿರಬಹುದು, ನನ್ನ ಗಂಡ ಹಡಗ ಜಗ್ಗಿದಾಂವ” ಎನ್ನುತ್ತಿದ್ದಳು. ಆ ಮಾತಿನ ಮೇಲೆ ನಮ್ಮ ಮನೆ ನಿಂತಿದೆ.

ಇನ್ನೊಂದು ಮಾತು. ಹಡಗು ಎಲ್ಲಿ ಹುಟ್ಟಿತು, ಏನೇನು ಎಳೆಯಿತು, ಎಲ್ಲ ಬರೆದಿದ್ದೀರಿ. ಸತ್ತವನು ಮಾತ್ರ ‘ಒಬ್ಬ’. ಅವನಿಗೆ ಹೆಸರಿದೆ. ಹಾಕಿ.

ಇಂತಿ,
ನೀತಾ
ಟೋ ಪಾಸ್ ದಿವಂಗತ ಮಲಕಪ್ಪ ಹೊಸಮನಿಯವರ ಮಗಳು

*

ವಾನವಡಿ, ಪುಣೆ
೯ ಸೆಪ್ಟೆಂಬರ್ ೨೦೨೪

ಚಿ. ಸೌ. ನೀತಾ ಅವರಿಗೆ,

ನಿಮ್ಮ ಕಾಗದವೂ ಫೋಟೋವೂ ತಲುಪಿದವು. ಹೆಸರು ಹಾಕಬೇಕೆಂಬ ಮಾತು ನೂರಕ್ಕೆ ನೂರು ಸರಿ. ಬಳಗದ ಮುಂದೆ ಇಡುತ್ತೇನೆ. ಪದದ ವಿಚಾರ ಹೇಳಬೇಕೆಂದರೆ, ಹಡಗಿನ ಹಳೆಯ ಪದಗಳು ಒಂದೊಂದೂ ಒಂದೊಂದು ದೇಶದಿಂದ ಬಂದವು, ಅವನ್ನು ಬಿಡಿಸುತ್ತ ಕೂತರೆ ಮುಗಿಯುವುದಿಲ್ಲ. ಸದ್ಯಕ್ಕೆ ಬಿಡಿ.

ಧುರೀಣದ ಬಗ್ಗೆ ನಿಮಗೆ ಕುತೂಹಲವಿದೆ ಎಂದುಕೊಂಡು ಎರಡು ಮಾತು ಬರೆಯುತ್ತೇನೆ. ಬೇರೆ ಹಡಗಿನವರು ನಮ್ಮನ್ನು ಎತ್ತು ಎಂದು ಅಣಕಿಸುತ್ತಿದ್ದರು. ಅವರ ಹಡಗುಗಳು ಬಣ್ಣ ಬಳಿದುಕೊಂಡು ಪರೇಡಿಗೆ ನಿಂತಾಗ ನಾವು ಹಿಂದಿನ ಜೆಟ್ಟಿಯಲ್ಲಿ ಮಸಿಬಟ್ಟೆ. ಅದೇ ಹಡಗು ಕೆಟ್ಟರೆ ರೇಡಿಯೋದಲ್ಲಿ ಮೊದಲು ಕೇಳುವ ಹೆಸರು ನಮ್ಮದು. ನಮ್ಮ ಹಿಂಬದಿಯ ಡೆಕ್ಕು ತೀರ ತಗ್ಗು, ಹಗ್ಗ ಸಲೀಸಾಗಿ ಜಾರಲಿ ಎಂದು. ಹಾಗಾಗಿ ಮಳೆಗಾಲದಲ್ಲಿ ಸಮುದ್ರ ಅದರ ಮೇಲೆಯೇ ನಡೆದಾಡುತ್ತಿತ್ತು. ಅಲ್ಲಿ ನಿಂತು ಟೋ ದಾಟಿಸುವುದು ಎಂದರೆ ಹುಡುಗಾಟವಲ್ಲ.

ಫೋಟೋ ನೋಡಿ ಆ ದಿನ ನೆನಪಾಯಿತು. ಅದನ್ನು ತೆಗೆದವನು ನಾನೇ. ಕೊಚ್ಚಿಯ ಜೆಟ್ಟಿ. ಮಲಕಪ್ಪನವರು ಇಸ್ತ್ರಿಯ ಬಿಳಿ ಬಟ್ಟೆ ತೊಟ್ಟು ಬಂದು, “ಮಹದೇವಪ್ಪಾರ, ಆ ಹಗ್ಗಾ ಒಂದೀಟ ಕೊಡ್ರಿ, ಹಿಡಕೊಂಡ ನಿಂದರತೀನಿ, ಮಗಳಿಗೆ ಕಳಿಸೂದದ” ಎಂದರು. ನನ್ನ ಕೈಯ ಹಗ್ಗವನ್ನೇ ಕೊಟ್ಟೆ. ತೆಗೆದಾದ ಮೇಲೆ ಸುರುಳಿ ಸುತ್ತಿ, ಎರಡೂ ಕೈಯಲ್ಲಿ ವಾಪಸ್ ಕೊಟ್ಟರು.

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ತಮ್ಮ ವಿಶ್ವಾಸಿ,
ಮಹದೇವಪ್ಪ

*

ತಳೇಗಾಂವ ದಾಭಾಡೆ
೧೭ ಸೆಪ್ಟೆಂಬರ್ ೨೦೨೪

ಮಹದೇವಪ್ಪನವರಿಗೆ,

ಹಗ್ಗ ದಾಟಿಸುವುದೇ ಕಸುಬಾದವನು ಫೋಟೋಗೆ ಹಗ್ಗ ಕೇಳಿ ಪಡೆಯುವುದೇಕೆ? ನಿಮ್ಮ ಕಾಗದ ಮಡಚಿಟ್ಟರೂ ಆ ಪ್ರಶ್ನೆ ಮಡಚಿಕೊಳ್ಳಲಿಲ್ಲ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಮೊಬೈಲು ತೆಗೆದೆ. ನೀವು ಬರೆದಂತೆಯೇ, ಕೂಡಿಸಿ, ‘ಟೋಪಸ್’ ಎಂದು ಹಾಕಿದೆ.

ಹಡಗಿನ ಸಂಡಾಸು ತೊಳೆಯುವವನು.

ನೀವು ‘ಸದ್ಯಕ್ಕೆ ಬಿಡಿ’ ಎಂದದ್ದು ಇದನ್ನು. ಇದು ಯಾವ ದೇಶದಿಂದ ಬಂದ ಪದವೋ ನನಗೆ ಗೊತ್ತಿಲ್ಲ. ಆ ಕೆಲಸ ಯಾವ ಕೇರಿಯವರನ್ನು ಹುಡುಕಿಕೊಂಡು ಬರುತ್ತದೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ನಮ್ಮಪ್ಪ ಊರ ಹೊರಗಿನ ಕೇರಿ ಬಿಟ್ಟು ಸಮುದ್ರಕ್ಕೆ ಓಡಿದ. ಅಲ್ಲಿಯೂ ಅವನಿಗೊಂದು ಕೇರಿ ಕಾದಿತ್ತು. ಕಬ್ಬಿಣದ ಕೇರಿ, ತೇಲುವ ಕೇರಿ.

ನಾನು ನಾಚಿಕೊಂಡೆ ಎಂದು ತಿಳಿಯಬೇಡಿ. ಹೊಲಸು ಮಾಡಿದವರು ನಾಚಲಿ, ತೊಳೆದವನ ಮಗಳು ಏಕೆ ನಾಚಬೇಕು. ನನಗೆ ಬಂದದ್ದು ಸಿಟ್ಟು. ಒಬ್ಬ ಗಂಡಸು ತನ್ನ ಮಗಳ ಮುಂದೆ ನಿಲ್ಲಲು ಒಂದು ಪದವನ್ನು ನಡುವೆ ಸೀಳಿ ಎರಡು ಮಾಡಿಕೊಳ್ಳಬೇಕಾಯಿತು. ಅಷ್ಟು ಸಣ್ಣ ಸಂದಿಯಲ್ಲಿ ಅವನ ಮಾನ ಇತ್ತು. ನೀವು ಅದನ್ನು ಮತ್ತೆ ಕೂಡಿಸಿ, ಹೆಸರನ್ನೂ ಕಿತ್ತು, ‘ಒಬ್ಬ’ ಎಂದು ಬರೆದಿರಿ.

ಈಗ ನನಗೆ ಮೂರಕ್ಕೆ ಉತ್ತರ ಬೇಕು. ಅವನು ಎಲ್ಲಿ ಕೂತು ಉಣ್ಣುತ್ತಿದ್ದ? ಆ ದಿನ ಏನಾಯಿತು? ಆ ಸಾಲು ಬರೆದ ಕೈ ಯಾರದು?

ಅವ್ವನಿಗೆ ಹೇಳಿಲ್ಲ. ಹೇಗೆ ಹೇಳಲಿ.

ನೀತಾ

*

ವಾನವಡಿ, ಪುಣೆ
೨೨ ಅಕ್ಟೋಬರ್ ೨೦೨೪

ನೀತಾ ಅವರಿಗೆ,

ತಡವಾಯಿತು. ಬರೆದು ಹರಿದೆ, ಬರೆದು ಹರಿದೆ. ಮೊಮ್ಮಗಳು ಇಂಪನಾ, “ತಾತ, ಜಸ್ಟ್ ಟೈಪ್ ಮಾಡಿ ಕಳಿಸಿಬಿಡಿ” ಎಂದಳು. ಇದು ಟೈಪ್ ಮಾಡಿ ಕಳಿಸುವ ವಿಚಾರವಲ್ಲ.

ಅವರು ಕೂತು ಉಣ್ಣುತ್ತಿರಲಿಲ್ಲ. ನಿಂತು ಉಣ್ಣುತ್ತಿದ್ದರು, ಮೆಸ್ಸಿನ ಬಾಗಿಲ ಬಳಿ. ದೂರ ಕೂರು ಎಂದು ಯಾರೂ ಹೇಳಿದ್ದಿಲ್ಲ. ಬಂದು ಕೂತುಕೋ ಎಂದೂ ಯಾರೂ ಹೇಳಿದ್ದಿಲ್ಲ. ಅವರದೊಂದು ಬಕೆಟ್ ಇತ್ತು, ಹಿತ್ತಾಳೆಯ ಹಿಡಿಯದು. ಅದನ್ನು ಹೊಸ್ತಿಲಾಚೆ ಇಟ್ಟು, ಕೈ ಒರೆಸಿಕೊಂಡು, ಆಮೇಲೆ ತಟ್ಟೆ ಹಿಡಿಯುತ್ತಿದ್ದರು. ಹೊರಗೆ ಬಕೆಟ್ ಕಂಡರೆ ಒಳಗೆ ಮಲಕಪ್ಪ ಇದ್ದಾರೆ ಎಂದು ನಮಗೆ ತಿಳಿಯುತ್ತಿತ್ತು.

ಆ ದಿನದ್ದು. ಗಾಳಿ ಎರಡು ದಿನದಿಂದ ಇಳಿದಿರಲಿಲ್ಲ. ಹಡಗಿನಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡು ಬಿದ್ದಿದ್ದರು. ಸರಕು ಹಡಗು ಬಂಡೆಗಳ ಕಡೆ ಜಾರುತ್ತಿತ್ತು. ನಮ್ಮ ಮೊದಲ ಸಣ್ಣ ಹಗ್ಗವನ್ನು ಅವರು ಹಿಡಿದರು. ಅದರ ಬೆನ್ನಿಗೆ ದಪ್ಪ ಹಗ್ಗ ಬಿಡುತ್ತಿದ್ದೆವು. ನಾನು ವಿಂಚ್ ಮೇಲೆ, ಡೆಕ್ಕಿನಲ್ಲಿ ಆರು ಜನ. ಆಗ ಒಂದು ತೆರೆ ಡೆಕ್ಕನ್ನೇ ನುಂಗಿತು. ನೀರು ಇಳಿದಾಗ ಆರೂ ಜನ ವಿಂಚಿನ ಮರೆಗೆ ಬಂದು ಕಂಬಿ ತಬ್ಬಿಕೊಂಡಿದ್ದರು. ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ಹಗ್ಗ ಹಾರಿ ಕಬ್ಬಿಣದ ಗೂಟಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸದಿದ್ದರೆ ತುಂಡಾಗುತ್ತಿತ್ತು. ತುಂಡಾದರೆ ಇನ್ನೊಮ್ಮೆ ಎಸೆಯಲು ಆ ಹಡಗಿಗೆ ಹೊತ್ತಿರಲಿಲ್ಲ.

ಅಷ್ಟರಲ್ಲಿ ಒಳಬಾಗಿಲು ತೆರೆದು ಮಲಕಪ್ಪ ಬಂದರು. ಕೈಯಲ್ಲಿ ಬಕೆಟ್, ಒಳಗೆ ಮಲಗಿದವರ ವಾಂತಿ. ಹಗ್ಗ ನೋಡಿದರು. ನನ್ನನ್ನು ನೋಡಿದರು. ಬಕೆಟನ್ನು ಬಾಗಿಲ ಮರೆಯ ಕಂಬಿಗೆ ಗಂಟು ಹಾಕಿ ಕಟ್ಟಿದರು. ಆಮೇಲೆ ಆ ಡೆಕ್ಕಿನ ಮೇಲೆ ನಡೆದು ಹೋದರು. ಕಾಲಿನಿಂದ ಒದ್ದು, ಭುಜ ಕೊಟ್ಟು ಎತ್ತಿ, ಹಗ್ಗ ಬಿಡಿಸಿದರು. ಅದು ಹಾವಿನ ಹಾಗೆ ಓಡಿತು. ಆಚೆಯವರು ಎಳೆದುಕೊಂಡರು. ಟೋ ದಾಟಿದಾಗ ಡೆಕ್ಕಿನವನು ಕೂಗಿ ಹೇಳುವ ವಾಡಿಕೆ ನಮ್ಮದು, ವಿಂಚಿನವನಿಗೆ ತಿಳಿಯಲಿ ಎಂದು. ಮಲಕಪ್ಪ ನನ್ನ ಕಡೆ ತಿರುಗಿ ಕೂಗಿದರು. ಯಂತ್ರದ ಸದ್ದಿನಲ್ಲಿ ನನಗೆ ಕೇಳಲಿಲ್ಲ, ಬಾಯಿ ಮಾತ್ರ ಕಂಡಿತು. ‘ಟೋ ಪಾಸ್.’ ಅವರು ನಗುತ್ತಿದ್ದರು. ಮುಂದಿನ ತೆರೆ ಬಂದು ಹೋದಾಗ ಡೆಕ್ಕು ಖಾಲಿ ಇತ್ತು.

ಬಕೆಟ್ ಹಾಗೇ ಇತ್ತು. ಹಡಗಿನಲ್ಲಿ ಬರೆದ ವರದಿ ಆ ಬಕೆಟನ್ನೇ ಹಿಡಿಯಿತು: ಟೋಪಸ್ ಅಪ್ಪಣೆಯಿಲ್ಲದೆ ಹೊಲಸು ಎಸೆಯಲು ಡೆಕ್ಕಿಗೆ ಬಂದ, ಬಿದ್ದ. ಎಸೆಯಲು ಬಂದವನ ಬಕೆಟ್ ತುಂಬಿರುವುದು ಹೇಗೆ, ಕಟ್ಟಿರುವುದು ಹೇಗೆ ಎಂದು ನಾನು ಅಂದೇ ಕೇಳಿದ್ದೆ. ಕೇಳಿದವನು ಒಬ್ಬನೇ ಎಂದು ಬದಿಗಿಟ್ಟರು.

ಆ ಸಾಲು ನನ್ನದಲ್ಲ. ನಾನು ಬರೆದದ್ದನ್ನು ಹೊಡೆದುಹಾಕಿ ನಮ್ಮ ಬಳಗದ ಅಧ್ಯಕ್ಷರು ಬರೆದದ್ದು. ಆಗ ನಮ್ಮ ಹಡಗಿನ ಅಧಿಕಾರಿ ಅವರೇ, ಅಂದಿನ ವರದಿಯೂ ಅವರದೇ.

ಮಹದೇವಪ್ಪ

*

ತಳೇಗಾಂವ ದಾಭಾಡೆ
೨೯ ಅಕ್ಟೋಬರ್ ೨೦೨೪

ಮಹದೇವಪ್ಪನವರಿಗೆ,

ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ಅವನು ನಗುತ್ತಿದ್ದ ಎಂದು ಬರೆದಿದ್ದೀರಿ. ನಗದೇ ಇರುತ್ತಾನೆಯೇ. ನನಗೆ ಹೇಳುತ್ತ ಬಂದ ಸುಳ್ಳು ಆ ಗಳಿಗೆಯಲ್ಲಿ ನಿಜವಾಯಿತು. ಆ ನಿಜ ನೋಡಲು ಇಡೀ ಲೋಕದಲ್ಲಿ ನೀವೊಬ್ಬರೇ ಇದ್ದಿರಿ, ಅದೂ ಕಿವಿ ಕೇಳದೆ.

ನನಗೆ ಶಾಲು ಬೇಡ, ಸನ್ಮಾನ ಬೇಡ. ಒಂದು ಸಾಲು ಬೇಕು. ಇದು:

“ಟೋಪಸ್ ಮಲಕಪ್ಪ ಹೊಸಮನಿ ಟೋ ದಾಟಿಸಿ ಸತ್ತರು.”

ಇದರಲ್ಲಿ ಒಂದು ಪದವನ್ನೂ ಕೀಳುವಂತಿಲ್ಲ. ಟೋಪಸ್ ಎನ್ನುವುದನ್ನು ಕಿತ್ತರೆ ಅವನ ಬದುಕು ಹೋಯಿತು. ಟೋ ದಾಟಿಸಿ ಎನ್ನುವುದನ್ನು ಕಿತ್ತರೆ ಅವನ ಸಾವು ಹೋಯಿತು. ನಿಮ್ಮ ಅಧ್ಯಕ್ಷರಿಗೆ ಓದಿ ಹೇಳಿ. ಧುರೀಣ ಎಂದರೆ ನೊಗ ಹೊತ್ತದ್ದು ಎಂದು ನೀವೇ ಬರೆದಿರಿ. ಪೇಪರಿನಲ್ಲಿ ಧುರೀಣ ಎಂದು ಕರೆಸಿಕೊಳ್ಳುವವರೆಲ್ಲ ನೊಗ ಹೊರಿಸುವವರು. ನಿಮ್ಮ ಪುಸ್ತಕವಾದರೂ ಹೊತ್ತವನ ಕಡೆ ನಿಲ್ಲಲಿ.

ನಿನ್ನೆ ಅವ್ವನ ಮುಂದೆ ಕೂತು, “ಅವ್ವಾ, ಅಪ್ಪನ ಕೆಲಸದ ಬಗ್ಗೆ ಒಂದ ಮಾತು” ಎಂದೆ. ಅವಳು ನನ್ನ ಮುಖ ನೋಡಲಿಲ್ಲ. “ಮೊದಲ ಚಾ ಇಡು” ಎಂದಳು. ಇಟ್ಟೆ. ಕುಡಿದು ಎದ್ದು ಹೋದಳು.

ನೀತಾ

*

ವಾನವಡಿ, ಪುಣೆ
೩ ಡಿಸೆಂಬರ್ ೨೦೨೪

ನೀತಾ ಅವರಿಗೆ,

ಸಭೆ ನಡೆಯಿತು, ಅಧ್ಯಕ್ಷರ ಮನೆಯಲ್ಲಿ. ನಿಮ್ಮ ಸಾಲನ್ನು ನಾನು ನಿಂತು ಓದಿದೆ. ಮಾತು ನನಗೆ ಕೇಳದು, ಇಂಪನಾ ಪಕ್ಕದಲ್ಲಿ ಕೂತು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು. ಆ ಚೀಟಿಗಳಲ್ಲಿ ಇದ್ದದ್ದನ್ನೇ ಬರೆಯುತ್ತೇನೆ.

ಅಧ್ಯಕ್ಷರು: “ಮಹದೇವಪ್ಪ, ನೀನು ಒಳ್ಳೆಯವನು. ಆದರೆ ಯೋಚನೆ ಮಾಡು. ಟೋಪಸ್ ಟೋ ದಾಟಿಸಿದ ಎಂದು ಅಚ್ಚು ಹಾಕಿದರೆ, ಡೆಕ್ಕಿನವರು ಏನು ಕಡಲೆಕಾಯಿ ತಿನ್ನುತ್ತಿದ್ದರಾ ಅಂತ ಓದಿದವನು ಕೇಳಲ್ಲವಾ?”

ಆರು ಜನರಲ್ಲಿ ಒಬ್ಬರು ಬಂದಿದ್ದರು. ಕೋಲು ಹಿಡಿದು ನಡೆಯುತ್ತಾರೆ. “ನನ್ನ ಮನೆಯ ಗೋಡೆಯ ಮೇಲೆ ಆ ಪ್ರಶಂಸಾಪತ್ರ ಇದೆ. ಮೊಮ್ಮಕ್ಕಳು ಅದನ್ನು ನೋಡಿಯೇ ಬೆಳೆದರು. ಈಗ ಇಳಿಸು ಅಂತೀಯಾ?”

ನಾನು ಎಂದೆ, “ಇಳಿಸಬೇಡಿ. ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಮಾಡಿ.”

ಕೊನೆಗೆ ಅಧ್ಯಕ್ಷರು ಎರಡು ದಾರಿ ಕೊಟ್ಟರು. ಟೋಪಸ್ ಎಂದು ಹಾಕುವುದಾದರೆ ಹಳೆಯ ವರದಿಯಂತೆ, ಹೊಲಸು ಎಸೆಯಲು ಹೋಗಿ ಬಿದ್ದ ಎಂದು ಹಾಕಬೇಕು. ಟೋ ದಾಟಿಸಿದ ಎಂದು ಹಾಕುವುದಾದರೆ ‘ನಾವಿಕ ಮಲಕಪ್ಪ’ ಎಂದು ಹಾಕಬೇಕು. ನಾವಿಕ ಎಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಡೆಕ್ಕಿನ ಏಳನೆಯವನು ಎಂದುಕೊಳ್ಳುತ್ತಾರೆ.

ನೀತಾ, ನಾನು ಬೇಡುತ್ತೇನೆ, ಎರಡನೆಯದನ್ನು ಒಪ್ಪಿಕೊಳ್ಳಿ. ಕೆಲಸ ದಾಖಲಾಗುತ್ತದೆ, ಹೆಸರು ದಾಖಲಾಗುತ್ತದೆ. ಮಲಕಪ್ಪನವರ ಆಸೆಯೂ ಅದೇ ಅಲ್ಲವೇ? ನನ್ನ ಕೈಯಿಂದ ಹಗ್ಗ ಪಡೆದು ಫೋಟೋಗೆ ನಿಂತದ್ದು ನಾವಿಕನಾಗಿ ಕಾಣಲಿಕ್ಕೆ. ಅವರು ಬಯಸಿದ್ದನ್ನು ಈಗ ಕೊಡಲು ಸಾಧ್ಯವಿದೆ.

ಮಹದೇವಪ್ಪ

*

ತಳೇಗಾಂವ ದಾಭಾಡೆ
೧೦ ಡಿಸೆಂಬರ್ ೨೦೨೪

ಮಹದೇವಪ್ಪನವರಿಗೆ,

ಅಪ್ಪ ಸುಳ್ಳು ಹೇಳಿದ್ದು ಕಾಟಿನ ಮೇಲೆ ನಿಂತ ಮಗುವಿಗೆ. ನೀವು ಹೇಳಹೊರಟಿರುವುದು ಚರಿತ್ರೆಗೆ. ಅವನು ಹೇಳಿದ್ದು ಮುಖ ಉಳಿಸಿಕೊಳ್ಳಲು. ನೀವು ಹೇಳುತ್ತಿರುವುದು ಆರು ಜನರ ಗೋಡೆ ಉಳಿಸಲು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಿಮ್ಮ ಅಧ್ಯಕ್ಷರ ಲೆಕ್ಕ ನನಗೆ ಚೆನ್ನಾಗಿ ಅರ್ಥವಾಯಿತು. ಟೋಪಸ್ ಹೊಲಸಿನಲ್ಲಿ ಸಾಯಬಹುದು. ನಾವಿಕ ಹಗ್ಗ ಹಿಡಿದು ಸಾಯಬಹುದು. ಟೋಪಸ್ ಹಗ್ಗ ಹಿಡಿದು ಸಾಯಬಾರದು, ಸತ್ತರೆ ಅವರ ಹಡಗು ಮುಳುಗುತ್ತದೆ. ನಮ್ಮ ಕಾರ್ಖಾನೆಯಲ್ಲೂ ಇದೇ. ಗುತ್ತಿಗೆಯವಳ ಬೆರಳು ತುಂಡಾದರೆ ಅಜಾಗರೂಕತೆ. ಗುತ್ತಿಗೆಯವಳು ಬೆಂಕಿ ಆರಿಸಿದರೆ, ಆರಿಸಿದ್ದು ಕಂಪನಿ.

ಒಪ್ಪುವುದಿಲ್ಲ. ನನ್ನ ಸಾಲು ಹಾಕಿ, ಇಲ್ಲವೇ ಪುಸ್ತಕದಿಂದ ಅವನನ್ನು ಪೂರ್ತಿ ತೆಗೆಯಿರಿ. ಸಮುದ್ರದಲ್ಲಿ ಇರಲಿ. ಅದು ಯಾರ ಜಾತಿಯನ್ನೂ ಕೇಳಲಿಲ್ಲ.

ನೀತಾ

*

ವಾನವಡಿ, ಪುಣೆ
೨೦ ಜನವರಿ ೨೦೨೫

ನೀತಾ ಅವರಿಗೆ,

ಪುಸ್ತಕ ಅಚ್ಚಾಗಿದೆ. ಅಧ್ಯಕ್ಷರು ತಾವೇ ಆರಿಸಿದರು. ‘ನಾವಿಕ ಮಲಕಪ್ಪ ಹೊಸಮನಿ ಪ್ರಾಣದ ಹಂಗು ತೊರೆದು ಟೋ ದಾಟಿಸಿದರು’ ಎಂದಿದೆ. ಇಡೀ ಪುಟಕ್ಕೆ ಆ ಫೋಟೋ ಹಾಕಿದ್ದಾರೆ, ಹಗ್ಗ ಹಿಡಿದದ್ದು. ನಿಮ್ಮ ಒಪ್ಪಿಗೆ ಇಲ್ಲ ಎಂದು ನಾನು ಬರೆದುಕೊಟ್ಟಿದ್ದೆ. ಅವರು ಓದಿ, “ಪುಸ್ತಕ ಕೈಗೆ ಬಂದ ಮೇಲೆ ಖುಷಿ ಪಡುತ್ತಾರೆ ಬಿಡು” ಎಂದರಂತೆ. ಮೊದಲ ಪುಟದಿಂದ ನನ್ನ ಹೆಸರು ತೆಗೆಯಿರಿ ಎಂದೆ. ತೆಗೆದರು. ಅದೊಂದು ಸುಲಭವಾಗಿ ಆಯಿತು.

ಧುರೀಣ ಹೋಯಿತು. ಹೋದ ವಾರ ಮುಂಬೈಗೆ ಹೋಗಿ ದೂರದಿಂದ ನೋಡಿ ಬಂದೆ. ಯಾವುದೋ ಖಾಸಗಿ ಟಗ್ ಅದನ್ನು ಎಳೆದುಕೊಂಡು ಗುಜರಿ ದಂಡೆಗೆ ಹೊರಟಿತು. ಅಷ್ಟು ಹಡಗುಗಳನ್ನು ಎಳೆದದ್ದು, ಮೂಗುದಾರ ಹಾಕಿದ ಮುದಿ ಎತ್ತಿನ ಹಾಗೆ ತಲೆ ತಗ್ಗಿಸಿ ಹಿಂದೆ ಹೋಯಿತು. ಟೋ ದಾಟಿದಾಗ ಕೂಗಲು ಅದರ ಮೇಲೆ ಯಾರೂ ಇರಲಿಲ್ಲ.

ಫೆಬ್ರವರಿ ಎರಡರಂದು ಸಮಾರಂಭ. ಆಮಂತ್ರಣ ನಿಮ್ಮ ತಾಯಿಯವರ ಹೆಸರಿಗೆ ಬರುತ್ತದೆ. ಬನ್ನಿ ಎನ್ನಲು ನನಗೆ ಮುಖವಿಲ್ಲ. ನಿಮ್ಮ ಫೋಟೋ ಇದರೊಂದಿಗೆ ವಾಪಸ್ ಕಳಿಸಿದ್ದೇನೆ.

ಮಹದೇವಪ್ಪ

*

ತಳೇಗಾಂವ ದಾಭಾಡೆ
೧೧ ಫೆಬ್ರವರಿ ೨೦೨೫

ಮಹದೇವಪ್ಪನವರಿಗೆ,

ನಾನು ಬರುವವಳಿರಲಿಲ್ಲ. ಅವ್ವ ಹಟ ಹಿಡಿದಳು. “ನನ್ನ ಗಂಡನ ಹಡಗದ ಮಂದಿ ಕರದಾರ, ಹೋಗೂಣು” ಎಂದು ಹಬ್ಬದ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. ಲೋಕಲ್ ರೈಲು ಹಿಡಿದು ಬಂದೆವು. ಸಮುದ್ರವೇ ಇಲ್ಲದ ಪುಣೆಯಲ್ಲಿ ನಿಮ್ಮ ಸಭಾಂಗಣದ ತುಂಬ ಲಂಗರುಗಳ ಚಿತ್ರ.

ನೀವು ಮೊದಲ ಸಾಲಿನಲ್ಲಿದ್ದಿರಿ. ನಿಮ್ಮನ್ನು ನೋಡಿದೆ, ಮಾತಾಡಿಸಲಿಲ್ಲ. ಒಬ್ಬ ಹುಡುಗಿ ಬಂದು ಅವ್ವನಿಗೆ, “ಆಜಿ, ಇಕಡೆ ಬಸಾ, ಫೋಟೋ ನೀಟ ಯೇಯಿಲ” ಎಂದು, ಫೋಟೋ ಚೆನ್ನಾಗಿ ಬರುವ ಕಡೆ ವೇದಿಕೆಯ ಮೇಲೆ ಕೂರಿಸಿದಳು. ನಿಮ್ಮ ಅಧ್ಯಕ್ಷರು ನಾವಿಕ ಮಲಕಪ್ಪ, ನಾವಿಕ ಮಲಕಪ್ಪ ಎಂದು ಮಾತಾಡಿದರು. ಒಂದು ಸಲ ಕನ್ನಡಕ ತೆಗೆದು ಕಣ್ಣೂ ಒರೆಸಿಕೊಂಡರು. ಶಾಲು ಹೊದಿಸಿದರು. ತೆಂಗಿನಕಾಯಿ ಕೊಟ್ಟರು. ಪುಸ್ತಕ ಕೊಟ್ಟರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನನ್ನ ಮುಷ್ಟಿ ಬಿಗಿದೇ ಇತ್ತು. ಯಾರ ಮೇಲೆ ಎತ್ತಲಿ? ನನಗೆ ಯೂನಿಯನ್ ಕಲಿಸಿದ್ದು ಗೇಟು ಮುಚ್ಚಿದವರ ಜೊತೆ ಜಗಳವಾಡುವುದನ್ನು. ಕೈ ಹಿಡಿದು ಒಳಗೆ ಕರೆದು, ಹಾರ ಹಾಕಿ ಅಳಿಸಿಹಾಕುವವರ ಜೊತೆ ಹೇಗೆ ಜಗಳವಾಡುವುದು ಎಂದು ಯಾರೂ ಕಲಿಸಿಲ್ಲ.

ಮನೆಗೆ ಬಂದ ಮೇಲೆ ಅವ್ವ ಪುಸ್ತಕ ನನ್ನ ಮುಂದೆ ಇಟ್ಟು, “ಓದು” ಎಂದಳು. ಓದಿದೆ. “ನೀ ಮುಚ್ಚಿಟ್ಟ ಕಾಗದನೂ ಓದು” ಎಂದಳು. ಎಲ್ಲಿಟ್ಟಿದ್ದೇನೆಂದು ಅವಳಿಗೆ ಗೊತ್ತಿತ್ತು. ನಿಮ್ಮ ಅಕ್ಟೋಬರಿನ ಕಾಗದ ಓದಿದೆ. ಮೆಸ್ಸಿನ ಬಾಗಿಲು, ಹೊಸ್ತಿಲಾಚೆಯ ಬಕೆಟ್ ಬಂದಲ್ಲಿ ಅಳು ಬಂದು ನಿಲ್ಲಿಸಿದೆ. ಅವಳು ಹೇಳಿದಳು:

“ಅಳಬ್ಯಾಡ. ನನಗ ಗೊತ್ತಿತ್ತು. ರಜಾಕ್ಕ ಬಂದಾಂವ ಊಟಕ್ಕ ಮೊದಲ ಎಷ್ಟ ಸಲ ಕೈ ತೊಳಿತಿದ್ದ, ನೋಡಿಲ್ಲೇನ ನಾ? ಹಗ್ಗಾ ಹಿಡದವನ ಅಂಗೈ ದಡ್ಡಗಟ್ಟಿರತದ. ನಿಮ್ಮಪ್ಪಂದು ಫಿನಾಯಿಲಿನಾಗ ಬೆಂದ ಅಂಗೈ. ಅಂವ ನಿನಗ ಹೇಳಾಂವ, ನಾ ನಂಬಿದಂಗ ಇರಾಕಿ. ಅಷ್ಟ ನಮ್ಮ ಸಂಸಾರ.”

ಆಮೇಲೆ ಉಳಿದದ್ದನ್ನೂ ಓದಿಸಿದಳು. ತೆರೆ, ಗೂಟ, ಹಗ್ಗ, ಅವನ ನಗು. ಎಲ್ಲ ಕೇಳಿದಳು. ಪುಸ್ತಕ ತೆಗೆದುಕೊಂಡು ಫೋಟೋ ಇದ್ದ ಪುಟ ಬಿಡಿಸಿ, ಬಿಳಿ ಬಟ್ಟೆಯ ಆ ಮನುಷ್ಯನನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಬಕೆಟ್ ಎಲ್ಲದ?” ಎಂದಳು.

“ಇಲ್ಲವ್ವ. ಇದರಾಗ ಹಾಕಿಲ್ಲ.”

“ಅಂದ್ರ ಪುಸ್ತಕದಾಗೂ ಅಂವಗ ಬಕೆಟ್ ಹೊರಗಿಟ್ಟ ಬಾ ಅಂದ್ರು.”

ಅಷ್ಟೇ. ಪುಸ್ತಕ ಮುಚ್ಚಿದಳು. ಮರುದಿನ ಎದ್ದು ಎಂದಿನಂತೆ ಮೆಟ್ಟಿಲು ಗುಡಿಸಲು ಹೋದಳು. ಅಂದಿನಿಂದ ‘ನನ್ನ ಗಂಡ ಹಡಗ ಜಗ್ಗಿದಾಂವ’ ಎಂಬ ಮಾತು ಅವಳ ಬಾಯಲ್ಲಿ ಬಂದಿಲ್ಲ. ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿ ಅದನ್ನು ಕಿತ್ತುಕೊಂಡಿರಿ.

ಹಡಗು ಚೂರಾಗಿದೆ. ಪುಸ್ತಕ ಹಂಚಿಯಾಗಿದೆ. ಇನ್ನು ತಿದ್ದಲು ಯಾವುದೂ ಉಳಿದಿಲ್ಲ. ನಿಮ್ಮ ಮೇಲೆ ನನಗೆ ದ್ವೇಷವಿಲ್ಲ. ನೀವು ನೋಡಿದಿರಿ, ನೋಡಿದ್ದನ್ನು ಹೇಳಿದಿರಿ. ನೀವು ಹೋದ ಮೇಲೆ ಹೇಳುವವರು ಯಾರೂ ಇರುವುದಿಲ್ಲ, ಆ ಫೋಟೋ ಇರುತ್ತದೆ.

ಪುಸ್ತಕವನ್ನೂ ಶಾಲನ್ನೂ ಈ ಪಾರ್ಸಲ್ಲಿನಲ್ಲಿ ವಾಪಸ್ ಕಳಿಸಿದ್ದೇನೆ. ತೆಂಗಿನಕಾಯಿ ಒಡೆದಾಗಿದೆ, ಕೊಳೆತಿತ್ತು.

ಇಂತಿ,
ನೀತಾ
ಟೋಪಸ್ ಮಲಕಪ್ಪ ಹೊಸಮನಿಯ ಮಗಳು